ಒಂದು ಆಕ್ಷೇಪಣಾ ಅರ್ಜಿಯ ಹಿಂದಿನ ಚರಿತ್ರೆ

ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಡ್ಡರಸ್ತೆಯ ಹದಿನೆಂಟು ಇಪ್ಪತ್ತು ಮಂದಿ ಒಬ್ಬರ ಮನೆಯ ತಾರಸಿಯ ಮೇಲೆ ಸೇರಿದ್ದೆವು. ಫಿಲ್ಟರ್ ಕಾಫಿ ಬಂತು, ಖಾರಾಬಾತ್ ಬಂತು, ಆಮೇಲೆ ವಿಷಯ ಬಂತು. ನಮ್ಮ ಮಲ್ಲೇಶ್ವರದ ಈ ರಸ್ತೆಯ ಮೂಲೆಯಲ್ಲಿ ಒತ್ತಿಗೊತ್ತಿ ನಿಂತಿದ್ದ ನಾಲ್ಕು ಹಳೆಯ ಮನೆಗಳು ಮಾರಾಟವಾಗಿವೆ. ನಾಲ್ಕು ಸೈಟನ್ನೂ ಒಂದು ಮಾಡಿ ನಲವತ್ತೆಂಟು ಮನೆಗಳ ಅಪಾರ್ಟ್‌ಮೆಂಟ್ ಏಳುತ್ತದಂತೆ. ಸುದ್ದಿ ತಂದವರು ಮೊಬೈಲಿನಲ್ಲಿ ನಕ್ಷೆಯ ಫೋಟೋ ತೋರಿಸಿದರು. ಕಟ್ಟಡದ ನೆರಳು ಯಾರ ಮನೆಯ ಮೇಲೆ ಎಷ್ಟು ಹೊತ್ತು ಬೀಳಬಹುದು ಎಂದು ಒಬ್ಬರು ಕೈಯಲ್ಲೇ ಅಳೆದರು.

ಒಬ್ಬೊಬ್ಬರೂ ತಮ್ಮ ಆತಂಕ ಹೇಳಿಕೊಂಡರು. ಕಾವೇರಿ ನೀರು ಈಗಲೇ ದಿನ ಬಿಟ್ಟು ದಿನ ಬರುವುದು. ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕುತ್ತದೆ. ಕಾರು ನಿಲ್ಲಿಸಲು ಜಾಗವಿಲ್ಲ. ಎರಡು ದೊಡ್ಡ ಮರಗಳಿವೆ, ಅವು ಉಳಿಯುವುದಿಲ್ಲ. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ತಿರುಗುವುದಿಲ್ಲ. ಎಲ್ಲ ಮುಗಿದ ಮೇಲೆ, ಲೋಟ ಕೆಳಗಿಡುತ್ತಾ ಒಬ್ಬರು ಸಣ್ಣ ದನಿಯಲ್ಲಿ ಹೇಳಿದರು: "ನಲವತ್ತೆಂಟು ಮನೆ ಅಂದ್ರೆ, ಎಂಥೆಂಥವರು ಬರ್ತಾರೋ ಏನೋ."

ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಆದರೆ ಬೇಡವೆಂದೂ ಅನ್ನಲಿಲ್ಲ.

"ಮೇಡಂ, ನೀವು ಹಿಸ್ಟರಿಯವರು. ಮಲ್ಲೇಶ್ವರದ ಹಿಸ್ಟರಿ ಎಲ್ಲ ಹಾಕಿ ಗಟ್ಟಿಯಾಗಿ ಒಂದು ಅರ್ಜಿ ಬರೆದುಕೊಡಿ" ಎಂದರು. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಇಂಥ ಕೋರಿಕೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಒಪ್ಪಿಕೊಂಡೆ. ಒಂದು ಸಂಜೆ ಕೂತರೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

* * *

ಮಲ್ಲೇಶ್ವರದ ಚರಿತ್ರೆ ಎಂದರೆ ನಮ್ಮ ಜನ ಸಾಮಾನ್ಯವಾಗಿ ಕಾಡುಮಲ್ಲೇಶ್ವರ ದೇವಸ್ಥಾನದಿಂದ ಶುರು ಮಾಡುತ್ತಾರೆ. ದೇವಸ್ಥಾನ ಹಳೆಯದು, ಹದಿನೇಳನೇ ಶತಮಾನದ ಮರಾಠರ ಕಾಲದ್ದು. ಬಡಾವಣೆ ಮಾತ್ರ ಹಳೆಯದಲ್ಲ. ಅದರ ಹುಟ್ಟಿನ ಹಿಂದೆ ಇರುವುದು ಒಂದು ಭಯ: ಜನ ಒತ್ತೊತ್ತಾಗಿ ಬದುಕುವುದರ ಬಗೆಗಿನ ಭಯ.

1896ರಲ್ಲಿ ಮುಂಬೈಗೆ ಬಂದ ಪ್ಲೇಗು ರೈಲುದಾರಿ ಹಿಡಿದು ಊರೂರು ಸುತ್ತಿ 1898ರ ಆಗಸ್ಟ್‌ನಲ್ಲಿ ಬೆಂಗಳೂರು ತಲುಪಿತು. ಆಗಿನ ಬೆಂಗಳೂರೆಂದರೆ ಎರಡು ಊರು. ಒಂದು ಮೈಸೂರು ಸಂಸ್ಥಾನದ ಪೇಟೆ, ಇನ್ನೊಂದು ಬ್ರಿಟಿಷರ ದಂಡು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆಗಳಲ್ಲಿ ಅಂಗಡಿಯ ಹಿಂದೆ ಮನೆ, ಮನೆಯ ಪಕ್ಕ ಉಗ್ರಾಣ, ಉಗ್ರಾಣದ ತುಂಬ ಧಾನ್ಯ, ಧಾನ್ಯದ ಸುತ್ತ ಇಲಿ. ಗೋಡೆಗೆ ಗೋಡೆ ತಾಗಿದ ಮನೆಗಳಿಗೆ ಕಿಟಕಿಗಳೇ ಕಡಿಮೆ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂಬುದು ವೈದ್ಯಲೋಕಕ್ಕೆ ಇನ್ನೂ ದೃಢವಾಗಿರಲಿಲ್ಲ. ಕತ್ತಲು, ಕೊಳಕು, ಜನದಟ್ಟಣೆ ಇವೇ ರೋಗದ ಬೇರು ಎಂದು ಆಡಳಿತ ನಂಬಿತ್ತು. ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮುಂದೆ ಅವರೇ ದಿವಾನರೂ ಆದರು. ರೋಗಿಗಳನ್ನು ಬೇರೆ ಮಾಡುವುದು, ಮನೆ ಖಾಲಿ ಮಾಡಿಸಿ ಸುಣ್ಣ ಬಳಿಯುವುದು, ಹೆಂಚು ತೆಗೆಸಿ ಒಳಗೆ ಬಿಸಿಲು ಬಿಡುವುದು, ಜನರನ್ನು ಊರಾಚೆಯ ಗುಡಿಸಲುಗಳಿಗೆ ಕಳಿಸುವುದು ಆ ಕಾಲದ ಪ್ಲೇಗು ನಿಯಂತ್ರಣದ ಕ್ರಮಗಳು. ನಮ್ಮ ಹಿರಿಯರ ಬಾಯಲ್ಲಿ "ಪ್ಲೇಗು ಬಂದು ಊರು ಬಿಟ್ಟದ್ದು" ಒಂದು ಕಾಲಮಾನವೇ ಆಗಿತ್ತು. ಇಂಥವರು ಹುಟ್ಟಿದ್ದು ಊರು ಬಿಟ್ಟ ಮರುವರ್ಷ ಎಂದು ಲೆಕ್ಕ ಹೇಳುತ್ತಿದ್ದರು. ಪ್ಲೇಗಿನಮ್ಮನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ.

ಜನಗಣತಿಯ ಅಂಕಿಗಳಲ್ಲಿ ಆ ಹೊಡೆತ ಕಾಣುತ್ತದೆ. ಪೇಟೆ, ದಂಡು ಎರಡೂ ಸೇರಿ 1891ರಲ್ಲಿ ಸುಮಾರು 1 ಲಕ್ಷ 80 ಸಾವಿರ ಇದ್ದ ಜನ 1901ರಲ್ಲಿ ಸುಮಾರು 1 ಲಕ್ಷ 59 ಸಾವಿರಕ್ಕೆ ಇಳಿದಿದ್ದರು. ಸತ್ತವರೂ ಇದ್ದರು, ಊರು ಬಿಟ್ಟವರೂ ಇದ್ದರು.

ಪೇಟೆಯಿಂದಾಚೆ ಹೊಸ ಬಡಾವಣೆ ಮಾಡುವ ಆಲೋಚನೆ ಪ್ಲೇಗಿಗಿಂತ ಮೊದಲೇ ಇತ್ತು. ಚಾಮರಾಜಪೇಟೆ 1892ರಲ್ಲಿಯೇ ರೂಪುಗೊಂಡಿತ್ತು. ಆದರೆ ದಕ್ಷಿಣದಲ್ಲಿ ಬಸವನಗುಡಿ, ವಾಯವ್ಯದಲ್ಲಿ ಮಲ್ಲೇಶ್ವರ ಎಂಬ ಎರಡು 'ಎಕ್ಸ್‌ಟೆನ್ಷನ್'ಗಳಿಗೆ ಜೀವ ಕೊಟ್ಟದ್ದು ಪ್ಲೇಗು. ಅಗಲ ರಸ್ತೆ, ಚೌಕಾಕಾರದ ಸೈಟು, ಮನೆಯ ಸುತ್ತ ಖಾಲಿ ಜಾಗ, ಮುಂದೆ ಕೈತೋಟ, ಗಾಳಿ, ಬೆಳಕು. ಅದೇ ಪ್ಲೇಗಿನಿಂದಾಗಿ ಮುಂಬೈಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಕಾಲರಾ ಯುರೋಪಿನ ನಗರಗಳಿಗೆ ಒಳಚರಂಡಿ ಕಲಿಸಿದ ಹಾಗೆ, ಪ್ಲೇಗು ನಮ್ಮ ನಗರಗಳಿಗೆ 'ಲೇಔಟ್' ಕಲಿಸಿತು.

ಹಾಗಾಗಿ, ನಮ್ಮ ರಸ್ತೆಗೆ ಹೆಚ್ಚು ಜನ ಬರಬಾರದು ಎನ್ನುವ ಮಾತು ಇವತ್ತಿನದಲ್ಲ. ಈ ರಸ್ತೆ ಹುಟ್ಟಿದ್ದೇ ಆ ಮಾತಿನಿಂದ. ಅರ್ಜಿಗೆ ಇದು ಒಳ್ಳೆಯ ಆರಂಭ ಎಂದು ನನಗೆ ಖುಷಿಯೂ ಆಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಅರ್ಜಿ ಅಂದೇ ಮುಗಿಯುತ್ತಿತ್ತು.

* * *

ಗಾಳಿ ಬೆಳಕಿನ ಈ ಹೊಸ ಬಡಾವಣೆಗೆ ಬಂದವರು ಯಾರು? ಪೇಟೆಯಲ್ಲಿ ಪ್ಲೇಗಿಗೆ ಹೆಚ್ಚು ತುತ್ತಾದವರು ಇಲ್ಲಿಗೆ ಬರಲಿಲ್ಲ. ಸೈಟು ಕೊಂಡು ಮನೆ ಕಟ್ಟಿಸುವ ಶಕ್ತಿ ಇದ್ದವರು ಬಂದರು: ಸರ್ಕಾರಿ ಅಧಿಕಾರಿಗಳು, ವಕೀಲರು, ಮೇಷ್ಟರು, ವ್ಯಾಪಾರಸ್ಥರು. ಅವರಿಗೂ ಬೇಕೆಂದಲ್ಲಿ ಸೈಟು ಸಿಗುತ್ತಿರಲಿಲ್ಲ. ಮಲ್ಲೇಶ್ವರದ ಬ್ಲಾಕುಗಳನ್ನು ಜಾತಿ, ಸಮುದಾಯಗಳಿಗೆ ಅನುಗುಣವಾಗಿ ಹಂಚಲಾಗಿತ್ತು. ಪೇಟೆಯಲ್ಲಿ ಕಸುಬಿನ ಹೆಸರಿನ ಬೀದಿಗಳಿದ್ದವು. ಹೊಸ ಊರಿನಲ್ಲಿ ರಸ್ತೆಗಳಿಗೆ ಸಂಪಿಗೆ, ಮಾರ್ಗೋಸಾ ಎಂದು ಮರಗಳ ಹೆಸರಿಟ್ಟರು. ಹೆಸರು ಬದಲಾದರೂ ಯಾರು ಎಲ್ಲಿರಬೇಕೆಂಬ ಗೆರೆ ಅಳಿಸಲಿಲ್ಲ.

ಇನ್ನೊಂದು ಗೆರೆ ನಮ್ಮ ಮನೆಗಳ ಹಿತ್ತಲಿನಲ್ಲೇ ಇದೆ. ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳ ಹಿಂಬದಿಗಳ ನಡುವೆ ಕಿರಿದಾದ ಓಣಿಗಳಿವೆ. ಹಳಬರು ಅದನ್ನು 'ಕನ್ಸರ್ವೆನ್ಸಿ' ಎನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಬಂದುಹೋಗಲು ಮಾಡಿದ ದಾರಿ ಅದು. ಅವರು ಮುಂದಿನ ರಸ್ತೆಯಲ್ಲಿ ಕಾಣಬಾರದು. ಸಂಪಿಗೆ ಮರವಿರುವ ರಸ್ತೆಯಲ್ಲಂತೂ ಕಾಣಲೇಬಾರದು. ಹಿತ್ತಲ ಗೋಡೆಯ ಸಣ್ಣ ಕಿಂಡಿಯಲ್ಲಿ ಕೈ ಹಾಕಿ, ಬಕೆಟ್ಟು ಎಳೆದು, ತಲೆಯ ಮೇಲೆ ಹೊತ್ತು ಹೊರಡಬೇಕು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು. ಈಗ ಆ ಓಣಿಗಳಲ್ಲಿ ಕಾರು ನಿಲ್ಲುತ್ತವೆ, ಕಸ ಬೀಳುತ್ತದೆ. ಕೆಲವೆಡೆ ಕಲಾವಿದರು ಗೋಡೆಗೆ ಚಂದದ ಚಿತ್ರ ಬರೆದಿದ್ದಾರೆ. ನನ್ನ ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿ ನಡೆಸಿಕೊಂಡು ಹೋಗಿ ಇದೆಲ್ಲ ಹೇಳಿದಾಗ, ಫೋಟೋ ತೆಗೆಯುತ್ತಿದ್ದ ಹುಡುಗಿಯೊಬ್ಬಳು ಫೋನನ್ನು ಮೆಲ್ಲಗೆ ಬ್ಯಾಗಿಗೆ ಹಾಕಿಕೊಂಡಳು.

ಇನ್ನು ರೈಲುಹಳಿಯ ಆಚೆ ಶ್ರೀರಾಮಪುರ. ಮಲ್ಲೇಶ್ವರದ ತುದಿಯಲ್ಲಿ 1884ರಲ್ಲಿ ಆರಂಭವಾದ ಮೈಸೂರು ಸ್ಪಿನ್ನಿಂಗ್ ಮಿಲ್ಲಿನಲ್ಲಿ ದುಡಿದವರು ನಮ್ಮ ಮರದ ಹೆಸರಿನ ರಸ್ತೆಗಳಲ್ಲಿ ಮನೆ ಮಾಡಲಿಲ್ಲ. ಹಳಿಯಾಚೆಯ ಶ್ರೀರಾಮಪುರದಂಥ ಕಡೆ ಸಣ್ಣ ಸಣ್ಣ ಮನೆಗಳಲ್ಲಿ ಮಿಲ್ಲಿನವರು, ಕೂಲಿಯವರು ಒತ್ತೊತ್ತಾಗಿ ಬದುಕಿದರು. ಇಂದಿಗೂ ಅದು ಬೆಂಗಳೂರಿನ ಅತಿ ದಟ್ಟ ಪ್ರದೇಶಗಳಲ್ಲಿ ಒಂದು. ಅಲ್ಲಿ ಜನ ಹೆಚ್ಚಾದರೆಂದು ಆಕ್ಷೇಪಣಾ ಅರ್ಜಿ ಬರೆದದ್ದನ್ನು ನಾನು ಕಂಡಿಲ್ಲ. ನಮ್ಮ ಬೀದಿಯ ಮನೆಗೆಲಸದವರು, ಇಸ್ತ್ರಿಯವರು, ಹೂವಿನವರಲ್ಲಿ ಅನೇಕರು ಬೆಳಿಗ್ಗೆ ಹಳಿ ದಾಟಿ ಬರುವವರೇ. ನಮ್ಮ ರಸ್ತೆ ಖಾಲಿ ಖಾಲಿಯಾಗಿ ತಂಪಾಗಿ ಇರಲು ಅವರ ಬೀದಿ ಕಿಕ್ಕಿರಿದು ತುಂಬಬೇಕಾಯಿತು. ಜನದಟ್ಟಣೆ ನಮ್ಮಿಂದ ದೂರವಾಗಿತ್ತೇ ಹೊರತು ಊರಿನಿಂದ ಹೋಗಿರಲಿಲ್ಲ.

ಇದನ್ನು ಅರ್ಜಿಯಲ್ಲಿ ಹೇಗೆ ಬರೆಯುವುದು? ಪೆನ್ನು ಕೆಳಗಿಟ್ಟೆ.

* * *

ಹಾಗೆಂದು ನೆರೆಯವರ ಆತಂಕ ಬರೀ ಬೂಟಾಟಿಕೆ ಎನ್ನಲೂ ನನ್ನಿಂದ ಆಗದು. ನೀರಿನ ಲೆಕ್ಕವನ್ನೇ ನೋಡಿ.

ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದು 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಆ ನೀರು ಶುದ್ಧವಾಗುತ್ತಿದ್ದ ಜ್ಯುವೆಲ್ ಫಿಲ್ಟರ್ ಸ್ಥಾವರ ಮಲ್ಲೇಶ್ವರದಲ್ಲೇ ಇತ್ತು. ಊರು ಬೆಳೆಯಿತು, ನೀರು ಸಾಲದಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಅದೂ ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲ ಹಂತ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿದ ನೀರು ಅದು. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಪ್ರತಿ ಹಂತದಲ್ಲೂ ಕಥೆ ಒಂದೇ: ಮೊದಲು ಮನೆಗಳು ಬರುತ್ತವೆ, ಕೊಳವೆ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದೆ.

ಈಗ ನಮ್ಮ ಮೂಲೆಯ ಲೆಕ್ಕ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಯೋಜನೆ ಮಾಡುವವರು ಹಿಡಿಯುವ ಪ್ರಮಾಣ. ನಾಲ್ಕು ಹಳೆಯ ಮನೆಗಳಲ್ಲಿ ತಲಾ ಐದು ಜನ ಎಂದರೆ 20 ಮಂದಿ, 2,700 ಲೀಟರ್. ನಲವತ್ತೆಂಟು ಮನೆಗಳಲ್ಲಿ ತಲಾ ನಾಲ್ಕು ಜನ ಎಂದರೆ 192 ಮಂದಿ, 25,920 ಲೀಟರ್. ಹೆಚ್ಚು ಕಡಿಮೆ ಹತ್ತುಪಟ್ಟು. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು. ಅಷ್ಟು ನೀರು ಬಂದರೆ ಬಹುಪಾಲು ಅಷ್ಟೇ ಕೊಳೆನೀರು ಹೊರಗೂ ಹೋಗಬೇಕು. ರಸ್ತೆಯ ಕೆಳಗಿನ ಕೊಳವೆ ಮಾತ್ರ ಬಂಗಲೆಗಳ ಕಾಲದ ಲೆಕ್ಕದ್ದು.

ಇಲ್ಲಿ 'ಎಫ್‌ಎಆರ್' ಎಂಬ ಮೂರಕ್ಷರದ ಮಾತನ್ನು ಸ್ವಲ್ಪ ಬಿಡಿಸಬೇಕು. ಸೈಟಿನ ವಿಸ್ತೀರ್ಣಕ್ಕೆ ಹೋಲಿಸಿ ಎಲ್ಲ ಮಹಡಿಗಳೂ ಸೇರಿ ಎಷ್ಟು ಜಾಗ ಕಟ್ಟಬಹುದು ಎಂಬ ಅನುಪಾತವದು. 60x40 ಸೈಟು, ಅಂದರೆ 2,400 ಚದರಡಿಯಲ್ಲಿ, ಎಫ್‌ಎಆರ್ ಒಂದೂಮುಕ್ಕಾಲು ಇದ್ದರೆ 4,200 ಚದರಡಿ ಕಟ್ಟಬಹುದು. ಸೈಟುಗಳನ್ನು ಒಟ್ಟುಗೂಡಿಸಿದರೆ, ರಸ್ತೆ ಅಗಲವಿದ್ದರೆ ಅನುಪಾತ ಏರುತ್ತದೆ. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರ ಟಿಡಿಆರ್ ಕೊಂಡರೆ ಇನ್ನಷ್ಟು ಏರುತ್ತದೆ. ಈಗ ಸರ್ಕಾರಕ್ಕೆ ಹಣ ಕಟ್ಟಿ ಹೆಚ್ಚುವರಿ ಪಡೆಯುವ 'ಪ್ರೀಮಿಯಂ ಎಫ್‌ಎಆರ್' ಕೂಡ ಇದೆ. ಹೀಗೆ ಆಕಾಶವನ್ನು ಮಾರಿ ಬಂದ ಹಣ ಅದೇ ರಸ್ತೆಯ ಕೊಳವೆಗೆ, ಚರಂಡಿಗೆ ಹೋಗುತ್ತದೆಯೇ? ನೆರೆಯವರ ಪ್ರಶ್ನೆ ಇಷ್ಟೇ. ಅದರಲ್ಲಿ ತಪ್ಪೇನಿದೆ?

ಇದಕ್ಕೆಲ್ಲ ಆಧಾರವಾಗಬೇಕಾದ ಮಹಾಯೋಜನೆಯ ಗತಿಯನ್ನೂ ಹೇಳಬೇಕು. 2015ನೇ ಇಸವಿಗೆಂದು ಮಾಡಿ 2007ರಲ್ಲಿ ಜಾರಿಗೆ ತಂದ ಯೋಜನೆಯನ್ನೇ ಊರು ಅವಧಿ ಮುಗಿದ ಮೇಲೂ ಎಳೆದುಕೊಂಡು ಬಂತು. 2031ಕ್ಕೆಂದು ಮಾಡಿದ ಕರಡು 2017ರಲ್ಲಿ ಹೊರಬಂದು, ಆಮೇಲೆ ವಾಪಸಾಯಿತು. ಮದುವೆಗೆ ಹೊಲಿಸಿದ ಅಂಗಿಯನ್ನೇ ಷಷ್ಟಿಪೂರ್ತಿಗೂ ತೊಡಿಸಿದ ಹಾಗೆ.

* * *

ಈಗ ನಾನು ಹೇಳಲೇಬೇಕಾದ, ತಾರಸಿಯ ಸಭೆಯಲ್ಲಿ ಹೇಳದೇ ಉಳಿದ ಸಂಗತಿ.

ನಾನು ಈ ಅರ್ಜಿ ಬರೆಯಲು ಕೂತದ್ದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ. ಅದು ನಿಂತಿರುವುದು ನಮ್ಮ ತಾತ ಕಟ್ಟಿಸಿದ ಮನೆಯ ಜಾಗದಲ್ಲಿ. ಕೆಂಪು ಗಾರೆಯ ನೆಲ, ಮುಂದೆ ಮರದ ಜಾಲರಿಯ 'ಮಂಕಿ ಟಾಪ್', ಹಿತ್ತಲಲ್ಲಿ ಸೇದುವ ಬಾವಿ, ಬಾವಿಯ ಪಕ್ಕ ಒಂದು ಮಾವು. ಅಪ್ಪ ತೀರಿಕೊಂಡಾಗ ನಾವು ನಾಲ್ಕು ಮಕ್ಕಳು. ಇಬ್ಬರು ಊರಲ್ಲಿ, ಇಬ್ಬರು ಹೊರದೇಶದಲ್ಲಿ. ಮನೆಯನ್ನು ನಾಲ್ಕು ತುಂಡು ಮಾಡಲಾಗುವುದಿಲ್ಲ, ಒಬ್ಬರು ಉಳಿದ ಮೂವರಿಗೆ ದುಡ್ಡು ಕೊಡಲೂ ಆಗುವುದಿಲ್ಲ. ಬಿಲ್ಡರ್ ಬಂದ. ಜಾಯಿಂಟ್ ಡೆವಲಪ್‌ಮೆಂಟ್. ಎಂಟು ಫ್ಲ್ಯಾಟು, ನಾಲ್ಕು ನಮಗೆ, ನಾಲ್ಕು ಅವನಿಗೆ. ಮಲ್ಲೇಶ್ವರ, ಬಸವನಗುಡಿ, ಜಯನಗರಗಳಲ್ಲಿ ಹೀಗೆ ಮಾಯವಾದ ಮನೆಗಳನ್ನು ಬಿಲ್ಡರುಗಳು ನುಂಗಿದರು ಎಂದು ಬಿಡುವುದು ಸುಲಭ. ಅನೇಕ ಮನೆಗಳನ್ನು ನುಂಗಿದ್ದು ಪಾಲುಪಟ್ಟಿ. ಒಡೆಯಲಾಗದ ಆಸ್ತಿಯನ್ನು ಒಡೆಯುವ ಉಪಾಯವೇ ಫ್ಲ್ಯಾಟು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ನೆಲವಿಲ್ಲದ ಮನೆಗೂ ಒಡೆತನ ಉಂಟೆಂದು ಬರೆದುಕೊಟ್ಟಿತ್ತು. ನಮ್ಮಂಥ ಕುಟುಂಬಗಳಿಗೆ ಅದು ದೊಡ್ಡ ಅನುಕೂಲವಾಯಿತು.

ಒಪ್ಪಂದಕ್ಕೆ ಸಹಿ ಹಾಕಿದ ವಾರ ಎದುರುಮನೆಯ ತಾತ ಬಂದಿದ್ದರು. ಸರ್ಕಾರಿ ಇಂಜಿನಿಯರಾಗಿ ನಿವೃತ್ತರಾದವರು, ಮಾತು ಕಡಿಮೆ. ಜಗಲಿಯ ಮೇಲೆ ಕೂತು ಬೆರಳು ಮಡಚುತ್ತಾ ಹೇಳಿದರು: ನೀರು, ಚರಂಡಿ, ಮರ, ಗಾಳಿ. ಕೊನೆಗೆ, "ಕಟ್ಕೊಳಮ್ಮ, ನಿಮ್ಮ ಜಾಗ, ಬೇಡ ಅನ್ನೋಕೆ ನಾನ್ಯಾರು. ಆದರೆ ಆ ಬಾವಿ ಒಂದನ್ನ ಮುಚ್ಚಬೇಡಿ" ಎಂದರು. ನಾನು ಕಾಫಿ ಕೊಟ್ಟು ನಯವಾಗಿ ಸಾಗಹಾಕಿದೆ. ಮನಸ್ಸಿನಲ್ಲಿ, ಹಳಬರಿಗೆ ಹೊಸದು ಏನು ಬಂದರೂ ಆಗುವುದಿಲ್ಲ ಅಂದುಕೊಂಡೆ. ಬಾವಿ ಇದ್ದ ಕಡೆ ಕಾರು ನಿಲ್ಲಿಸುವ ಜಾಗ ಬರಬೇಕಿತ್ತು. ಮುಚ್ಚಿದೆವು. ಮಾವು ಹೋಯಿತು.

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಬೋರ್‌ವೆಲ್ ಕೈಕೊಟ್ಟಿತ್ತು. ರಾತ್ರಿ ಹನ್ನೊಂದಕ್ಕೆ ಬಂದ ಟ್ಯಾಂಕರಿನ ಪೈಪು ನಮ್ಮ ಸಂಪಿಗೆ ಸೇರುವುದನ್ನು ನೋಡುತ್ತಾ ನಿಂತಿದ್ದೆ. ಪೈಪು ಹಾದುಹೋಗಿದ್ದು ನನ್ನ ಕಾರಿನ ಕೆಳಗೆ, ಸರಿಯಾಗಿ ಬಾವಿ ಇದ್ದ ಜಾಗದ ಮೇಲೆ. ಎದುರುಮನೆಯ ತಾತ ಅಷ್ಟರಲ್ಲಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಈಗ ಮಾರಾಟವಾಗಿರುವ ನಾಲ್ಕು ಮನೆಗಳಲ್ಲಿ ಅವರದೂ ಒಂದು.

ಭಾನುವಾರದ ಸಭೆಯಲ್ಲಿ ಜನ ಬೆರಳು ಮಡಚಿ ಹೇಳಿದ ಒಂದೊಂದು ಮಾತೂ ಅವರು ಅಂದು ನನಗೆ ಹೇಳಿದ್ದೇ.

* * *

ಇಂಥ ತಕರಾರು ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಉಂಟು. ಹುಡುಕುತ್ತಾ ಹೋದಾಗ 1987ರ ಸುಪ್ರೀಂ ಕೋರ್ಟ್ ತೀರ್ಪೊಂದು ಸಿಕ್ಕಿತು. ಅದರ ಹಿನ್ನೆಲೆಯನ್ನು ಅರಿಯಲು ಆ ಕಾಲದ ಬೆಂಗಳೂರನ್ನು ನೆನೆಯಬೇಕು. 1970ರ ದಶಕದಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪಬ್ಲಿಕ್ ಯುಟಿಲಿಟಿ ಕಟ್ಟಡ ಎದ್ದು ನಿಂತಿತ್ತು. ಅದರ ತುದಿ ನೋಡಲು ನಾವು ಕತ್ತು ನೋಯಿಸಿಕೊಳ್ಳುತ್ತಿದ್ದೆವು. ಎತ್ತರವೆಂದರೆ ಹೆಮ್ಮೆ. 1983ರ ಸೆಪ್ಟೆಂಬರ್ 12ರಂದು ಕಪಾಲಿ ಚಿತ್ರಮಂದಿರದ ಬಳಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿಯಿತು. ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅನುಮತಿಯ ಕಾಗದ, ಮಹಡಿಗಳ ಲೆಕ್ಕ, ತನಿಖೆ ಎಂಬ ಮಾತುಗಳು ಊರಿನ ಬಾಯಲ್ಲಿ ಆಗಲೇ ಭಯದ ಮಾತುಗಳಾದವು.

ಆ ದಶಕದಲ್ಲಿ ಬೆಂಗಳೂರಿನ ಕೆಲವು ನಾಗರಿಕರು ಎತ್ತರದ ಕಟ್ಟಡಗಳಿಗೆ ಕೊಟ್ಟ ಪರವಾನಗಿಯನ್ನು ಪ್ರಶ್ನಿಸಿದರು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ 1972ರಲ್ಲಿ ಅನುಮೋದನೆಯಾದ ಯೋಜನೆ ಮತ್ತು ನಿಯಮಗಳಿಗೆ ಇವು ವಿರುದ್ಧ ಎಂಬುದು ಅವರ ವಾದ. ಕಟ್ಟುವವರ ಕಡೆಯ ವಾದ ಸ್ವಾರಸ್ಯಕರ: ಆ ನಿಯಮಗಳು ರಾಜ್ಯಪತ್ರದಲ್ಲಿ ಪೂರ್ತಿ ಪ್ರಕಟವೇ ಆಗಿಲ್ಲ, ಆದ್ದರಿಂದ ಜಾರಿಯಲ್ಲೇ ಇಲ್ಲ! ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ಅದನ್ನು ಒಪ್ಪಲಿಲ್ಲ. ಜನ ಪಾಲಿಸಬೇಕಾದ ಕಾನೂನು ಜನರಿಗೆ ತಿಳಿಯುವಂತೆ ಪ್ರಕಟವಾಗಲೇಬೇಕು ಎಂದರು. ಆದರೆ ಯೋಜನೆ, ನಿಯಮಗಳು ಕಚೇರಿಯಲ್ಲಿ ನೋಡಲು ಲಭ್ಯ ಎಂಬ ಪ್ರಕಟಣೆ ರಾಜ್ಯಪತ್ರದಲ್ಲಿ ಬಂದಿದೆಯಾದ್ದರಿಂದ ಅಷ್ಟು ಸಾಕು ಎಂದು ತೀರ್ಮಾನಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ತೀರ್ಪಿನ ಆರಂಭ. ಬೆಂಗಳೂರು ಒಂದಾನೊಂದು ಕಾಲದಲ್ಲಿ ಚೆಲುವಾಗಿತ್ತು ಎಂದು ನಿಟ್ಟುಸಿರಿನಿಂದ ಶುರುವಾಗುವ ಮಾತು, ಹೂವು, ಮರ, ಸಾಲುರಸ್ತೆ ಎಲ್ಲ ಹೋದುವೆಂದು ಮರುಗಿ, ಆಮೇಲೆ ಅಲ್ಲೇ ಒಂದು ಹೊರಳು ಹೊರಳುತ್ತದೆ. ಎತ್ತರದ ಕಟ್ಟಡಗಳು ಇರಲೆಂದೇ ಬಂದಿವೆ, ಅವು ಜಾಗ ಉಳಿಸುತ್ತವೆ, ಬಹುಶಃ ಬೇಕೂ ಬೇಕು. ಪ್ರಶ್ನೆ ಇರುವುದು ಎಲ್ಲಿ, ಹೇಗೆ, ಎಷ್ಟು, ಯಾವ ಬೆಲೆ ತೆತ್ತು ಎಂಬುದರಲ್ಲಿ ಎನ್ನುತ್ತದೆ. ಹಳೆಯದರ ಹಂಬಲವನ್ನು ಗೌರವಿಸಿಯೂ ಅದಕ್ಕೆ ತೀರ್ಪು ಬರೆಯುವ ಅಧಿಕಾರ ಕೊಡದ ಆ ಹದ ನನಗೆ ಬೇಕಾಗಿತ್ತು.

* * *

ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಹಾಸನದ ಕಡೆಯವಳು. ಕರಡು ಓದಲು ಅವಳಿಗೆ ಕೊಟ್ಟೆ. ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮೇಡಂ, ಇದೆಲ್ಲ ಸರಿ. ಆದರೆ ಆ ನಲವತ್ತೆಂಟು ಮನೆ ಇಲ್ಲಿ ಬರದಿದ್ರೆ ಎಲ್ಲಿ ಬರುತ್ತೆ?"

ಎಲ್ಲಿ ಎಂಬುದಕ್ಕೆ ಬೆಂಗಳೂರಿನ ಚರಿತ್ರೆ ಉತ್ತರ ಕೊಟ್ಟೇ ಇದೆ. ಹೊರಗೆ. ಇನ್ನೂ ಹೊರಗೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡಾಗ ಪಾಲಿಕೆಯ ವ್ಯಾಪ್ತಿ 226 ಚದರ ಕಿಲೋಮೀಟರಿನಿಂದ 700ಕ್ಕೂ ಮೇಲೆ ಹಿಗ್ಗಿತು. ಆ ಹಳ್ಳಿಗಳಲ್ಲಿ ರಾಗಿ ಹೊಲವಿತ್ತು, ಕೆರೆಯಿತ್ತು, ಗೋಮಾಳವಿತ್ತು. ಕಟ್ಟಡಗಳು ಅಲ್ಲಿ ಮೊದಲು ಬಂದವು. ಆ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡಲೆಂದೇ ಮಾಡಿದ ಐದನೇ ಹಂತ ಬಂದದ್ದು ಹದಿನೇಳು ವರ್ಷಗಳ ನಂತರ. ನಮ್ಮಲ್ಲಾದರೆ ಕೊಳವೆ ಇದೆ, ಹಳೆಯದಾದರೂ. ಶಾಲೆ, ಆಸ್ಪತ್ರೆ, ಮಾರುಕಟ್ಟೆ ನಡೆದು ಹೋಗುವಷ್ಟು ಹತ್ತಿರ. 2014ರಿಂದ ಸಂಪಿಗೆ ರಸ್ತೆಗೆ ಮೆಟ್ರೋ ಇದೆ. ಆ 192 ಜನ ಎಲ್ಲೇ ಇದ್ದರೂ ದಿನಕ್ಕೆ 25,920 ಲೀಟರ್ ಕುಡಿದೇ, ಬಳಸಿಯೇ ತೀರುತ್ತಾರೆ. ಇಲ್ಲಿ ಬೇಡವೆಂದರೆ ಇನ್ಯಾವುದೋ ಕೆರೆಯಂಗಳದ ಬೋರ್‌ವೆಲ್ಲಿನಿಂದ ಕುಡಿದು, ಎರಡು ಗಂಟೆ ರಸ್ತೆಯಲ್ಲಿ ಕಳೆದು, ಕೆಲಸಕ್ಕೆಂದು ನಮ್ಮ ರಸ್ತೆಯಲ್ಲೇ ಗಾಡಿ ಓಡಿಸುತ್ತಾರೆ. ಪೇಟೆಯ ದಟ್ಟಣೆಯನ್ನು ಶ್ರೀರಾಮಪುರಕ್ಕೆ ಸಾಗಿಸಿದ ಕೆಲಸವನ್ನೇ ನಾವು ಇನ್ನಷ್ಟು ದೂರಕ್ಕೆ ಮುಂದುವರಿಸುತ್ತೇವೆ.

ಅವಳೇ ಇನ್ನೊಂದು ಮಾತು ಹೇಳಿದಳು. ಮಲ್ಲೇಶ್ವರದಲ್ಲಿ ಮನೆ ಹುಡುಕುವಾಗ ಅವಳನ್ನು ಎಂಟು ಕಡೆ ಊರು ಯಾವುದು, ಊಟ ಏನು, ನಿಮ್ಮಲ್ಲಿ ಯಾವ ಪೈಕಿ ಎಂದು ಕೇಳಿದರಂತೆ. ಬ್ಲಾಕುಗಳ ಹಂಚಿಕೆ ಕಾಗದದಲ್ಲಿ ಮುಗಿದು ಕಾಲವಾಗಿದೆ. ಗೇಟಿನ ಬಳಿ ಇನ್ನೂ ಮುಗಿದಿಲ್ಲ.

* * *

ಅರ್ಜಿಯನ್ನು ನಾನು ಕೊನೆಗೆ ಹೀಗೆ ಬರೆದೆ. ನಾವು ಈ ರಸ್ತೆಗೆ ಹೊಸ ಮನೆಗಳು ಬರುವುದನ್ನು ವಿರೋಧಿಸುವುದಿಲ್ಲ. ಸೈಟಿನ ಮುಂದಿನ ರಸ್ತೆಯ ನಿಜವಾದ ಅಗಲವನ್ನು ಅಳೆದು, ಅದಕ್ಕೆ ನಿಯಮ ಒಪ್ಪುವಷ್ಟೇ ಎತ್ತರಕ್ಕೆ ಅನುಮತಿ ಕೊಡಬೇಕು. ಅನುಮೋದಿತ ನಕ್ಷೆಯನ್ನು ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಒಳಚರಂಡಿಯ ಕೊಳವೆ ಬದಲಿಸಿದ ಮೇಲೆಯೇ ಜನ ಬಂದು ವಾಸಿಸಲು ಅನುಮತಿ ಕೊಡಬೇಕು. ಹೆಚ್ಚುವರಿ ಮಹಡಿಗಾಗಿ ಕಟ್ಟಿಸಿಕೊಂಡ ಹಣದಲ್ಲಿ ಈ ರಸ್ತೆಗೆ ಎಷ್ಟು ಎಂದು ಹೇಳಬೇಕು. ಎರಡು ಮರಗಳನ್ನು ಉಳಿಸಿಕೊಂಡೇ ನಕ್ಷೆ ಮಾಡಬೇಕು. ಕೊನೆಯದಾಗಿ, ಆ ನಾಲ್ಕು ಸೈಟುಗಳ ಪೈಕಿ ಒಂದರ ಹಿತ್ತಲಿನಲ್ಲಿ ಈಗಲೂ ಒಂದು ಬಾವಿ ಇದೆ. ಅದನ್ನು ಮುಚ್ಚಬಾರದು, ತಾರಸಿಯ ಮಳೆನೀರನ್ನು ಅದಕ್ಕೆ ಬಿಡಬೇಕು.

"ಬಡಾವಣೆಯ ಸಂಸ್ಕೃತಿಗೆ ಧಕ್ಕೆ" ಎಂಬ ಸಾಲನ್ನು ಸೇರಿಸಿ ಎಂದು ಇಬ್ಬರು ಒತ್ತಾಯಿಸಿದ್ದರು. ಅದನ್ನು ಸೇರಿಸಲಿಲ್ಲ. ಬದಲಿಗೆ ಅರ್ಜಿಯ ಮೊದಲ ಸಾಲಿನಲ್ಲೇ, ಇದನ್ನು ಬರೆಯುತ್ತಿರುವ ನಾನೂ ಇದೇ ರಸ್ತೆಯ ಒಂದು ಹಳೆಯ ಮನೆ ಕೆಡವಿ ಕಟ್ಟಿದ ಅಪಾರ್ಟ್‌ಮೆಂಟಿನ ನಿವಾಸಿ ಎಂದು ಬರೆದೆ. ಅದನ್ನು ಓದಿ ಒಬ್ಬರು, "ಮೇಡಂ, ಇದು ನಮ್ಮ ಕೇಸನ್ನೇ ವೀಕ್ ಮಾಡುತ್ತೆ" ಎಂದು ಸಹಿ ಹಾಕದೆ ಹೋದರು. ಹದಿನಾಲ್ಕು ಜನ ಸಹಿ ಹಾಕಿದರು. ಹದಿನೈದನೆಯದು ಮೇಲಿನ ಮನೆಯ ಹುಡುಗಿಯದು. ಬಾಡಿಗೆದಾರರ ಸಹಿಗೆ ಬೆಲೆಯಿಲ್ಲ ಎಂದು ಯಾರೋ ಅಂದರು. ಅರ್ಜಿಯಲ್ಲಿ 'ನಿವಾಸಿಗಳು' ಎಂದಿದೆ, 'ಮಾಲೀಕರು' ಎಂದಿಲ್ಲ ಎಂದು ತೋರಿಸಿದೆ.

ಪಾಲಿಕೆಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮೂಲೆಯ ನಾಲ್ಕು ಮನೆಗಳಲ್ಲಿ ಎರಡರ ಹೆಂಚು ಇಳಿಸಿದ್ದಾರೆ, ಒಳಗೆಲ್ಲ ಬಿಸಿಲು ಬಿದ್ದಿದೆ. ನಿನ್ನೆ ಸಂಜೆ ವಾಕಿಂಗ್ ಹೋದಾಗ ತಾತನ ಮನೆಯ ಹಿಂದಿನ ಕನ್ಸರ್ವೆನ್ಸಿಗೆ ಹೋಗಿ ಗೋಡೆಯ ಮೇಲಿಂದ ಬಗ್ಗಿ ನೋಡಿದೆ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಗೇ ಇತ್ತು. ಒಂದು ಸಣ್ಣ ಕಲ್ಲು ಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ ನೀರಿನ ಸದ್ದು ಕೇಳಿಸಿತು.